ಲಿಂಗಣ್ಣ ಕವಿಯ ಪುಸ್ತಕ, ಬೇಕಲದ ಮುರಕಲ್ಲು

ಕೆಳದಿ ಅರಸರ ವಂಶಕಥೆಯನ್ನು ಲಿಂಗಣ್ಣ ಕವಿ ಚಂಪೂವಿನಲ್ಲಿ ಬರೆದಿಟ್ಟ. ಆ ‘ಕೆಳದಿನೃಪವಿಜಯ’ವನ್ನು ಆರ್. ಶಾಮಶಾಸ್ತ್ರಿಗಳು 1921ರಲ್ಲಿ ಮೈಸೂರಿನಿಂದ ಅಚ್ಚು ಮಾಡಿಸಿ ನೂರು ವರ್ಷದ ಮೇಲಾಯಿತು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಕೈಯೇ ಇದನ್ನೂ ಬೆಳಕಿಗೆ ತಂದದ್ದು. ಕೆಳದಿಯವರು ಕಟ್ಟಿದ ಕೋಟೆಗಳ ನಡುವೆ ಬದುಕುವ ಕಾಸರಗೋಡಿನ ಕನ್ನಡಿಗರಾದ ನಾವು ಈ ನೂರು ವರ್ಷದಲ್ಲಿ ಲಿಂಗಣ್ಣನನ್ನು ಹೇಗೆ ಓದಿಕೊಂಡೆವು ಎಂದು ಒಮ್ಮೆ ಹಿಂದಿರುಗಿ ನೋಡಬೇಕಾಗಿದೆ.

ಲಿಂಗಣ್ಣನ ಕಥೆ 1500ರ ಆಸುಪಾಸಿನ ಚೌಡಪ್ಪನಾಯಕನಿಂದ ಹೊರಟು, 1763ರಲ್ಲಿ ರಾಣಿ ವೀರಮ್ಮಾಜಿಯ ಕೈಯಿಂದ ರಾಜಧಾನಿ ಬಿದನೂರು ಹೈದರಾಲಿಯ ವಶವಾಗುವವರೆಗೂ ಬರುತ್ತದೆ. ತಾನು ನಂಬಿದ ಮನೆ ಕುಸಿದುದನ್ನು ಬರೆಯುವುದು ಸುಲಭವಲ್ಲ. ಕಾನ್‌ಸ್ಟಾಂಟಿನೋಪಲಿನ ಕೊನೆಯ ಚಕ್ರವರ್ತಿಗೆ ಆಪ್ತನಾಗಿದ್ದ ಸ್ಫ್ರಾಂಟ್ಜೆಸ್ ಎಂಬ ಗ್ರೀಕ್ ಬರಹಗಾರನದೂ ಇದೇ ಪಾಡು. 1453ರ ಮೇ 29ರಂದು ನಗರ ಬಿದ್ದಾಗ ಅವನು ಸೆರೆಸಿಕ್ಕ. ಮುಂದೆ ಕೊರ್ಫು ದ್ವೀಪದಲ್ಲಿ ಸನ್ಯಾಸಿಯಾಗಿ ತನ್ನ ಕಾಲದ ವೃತ್ತಾಂತ ಬರೆದ. ಅವನು ತನ್ನ ಮಕ್ಕಳ ಸಾವನ್ನೂ ಅದರಲ್ಲಿ ಬರೆದಿದ್ದಾನೆ. ಲಿಂಗಣ್ಣ ಹಾಗಲ್ಲ, ತನ್ನ ಕಷ್ಟಸುಖವನ್ನು ಬದಿಗಿಟ್ಟವನು. ಅರಸರ ಪಟ್ಟ, ದಂಡಯಾತ್ರೆ, ಮಠ ಅಗ್ರಹಾರಗಳಿಗೆ ಬಿಟ್ಟ ಉಂಬಳಿ, ಶಿವಾಜಿಯ ಮಗ ರಾಜಾರಾಮನಿಗೆ ರಾಣಿ ಚೆನ್ನಮ್ಮಾಜಿ ಕೊಟ್ಟ ಆಶ್ರಯ, ಇವೆಲ್ಲ ಅವನಲ್ಲಿ ಸಾಲಾಗಿ ಬರುತ್ತವೆ. ಹೊಗಳಿಕೆಯ ಭಾರ ಹೆಚ್ಚು ನಿಜ. ಆದರೂ ಶಕವರ್ಷ, ಸಂವತ್ಸರಗಳನ್ನು ಹೇಳಿಹೋದ ಆ ಶ್ರದ್ಧೆ ಇಲ್ಲದಿದ್ದರೆ ಕೆಳದಿಯ ಅರಸರ ಅನುಕ್ರಮ ಹಿಡಿಯಲು ಇತಿಹಾಸಕಾರರು ಬಹಳ ತಿಣುಕಬೇಕಿತ್ತು. ಕೆ.ಡಿ. ಸ್ವಾಮಿನಾಥನ್ 1957ರಲ್ಲಿ ಇಕ್ಕೇರಿ ನಾಯಕರ, ಅಂದರೆ ಈ ಕೆಳದಿ ಅರಸರ, ಚರಿತ್ರೆ ಪ್ರಕಟಿಸುವಾಗಲೂ, ಗುಂಡಾ ಜೋಯಿಸರು ಕೆಳದಿಯಲ್ಲಿ ಓಲೆಗರಿ ಕಲೆಹಾಕುವಾಗಲೂ ಈ ಕವಿ ಬೆನ್ನಿಗಿದ್ದ.

ಬಿದನೂರಿನ ಆಸ್ಥಾನದಿಂದ ನೋಡಿದರೆ ನಮ್ಮ ಸೀಮೆ ರಾಜ್ಯದ ತೆಂಕಣ ಅಂಚು. ಇಲ್ಲಿ ನಿಂತು ನೋಡಿದರೆ ಕಾಣುವುದೇ ಬೇರೆ. ಬೇಕಲ ಕೋಟೆಯ ಹರವು 40 ಎಕರೆ. ಹಿರಿಯ ವೆಂಕಟಪ್ಪನಾಯಕನ ಕಾಲದಲ್ಲಿ ಕೆಲಸ ಹಿಡಿದು ಶಿವಪ್ಪನಾಯಕ 1650ರ ಸುಮಾರಿಗೆ ಮುಗಿಸಿದ ಎಂಬ ಮಾತಿದೆ. ಕಡಲಿಗೆ ಚಾಚಿದ ಅದರ ಮುರಕಲ್ಲಿನ ಗೋಡೆಯಲ್ಲಿರುವ ಕೋವಿಕಂಡಿಗಳನ್ನು ಗಮನಿಸಬೇಕು. ಮೇಲಿನ ಕಂಡಿ ದೂರದ ಗುರಿಗೆ, ಅದರ ಕೆಳಗಿನದು ಹತ್ತಿರ ಬಂದವನಿಗೆ, ತೀರ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಈ ಮೂರು ಓರೆಗಳನ್ನು ಕಲ್ಲಿನಲ್ಲಿ ಕೊರೆದವರು ಯಾವ ಊರಿನವರು, ಅವರಿಗೆ ಕೂಲಿ ಎಷ್ಟು, ಕಲ್ಲು ಕಡಿದ ಪಣೆ ಯಾವುದು? ರಾಜವಂಶದ ಕಾವ್ಯದಲ್ಲಿ ಇವನ್ನು ಹುಡುಕಿ ಫಲವಿಲ್ಲ. 1801ರ ಜನವರಿಯಲ್ಲಿ ಇದೇ ದಾರಿಯಲ್ಲಿ ಬಂದ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಚಂದ್ರಗಿರಿ ಮತ್ತಿತರ ಕೋಟೆಗಳು ಶಿವಪ್ಪನಾಯಕನವು ಎಂದು ಬರೆದುಕೊಂಡ. ಕೋಟೆ ಕಾಯಲು ನೆಲೆನಿಲ್ಲಿಸಿದ ರಾಮಕ್ಷತ್ರಿಯರ ಮನೆತನಗಳು ಬೇಕಲ, ಹೊಸದುರ್ಗಗಳಲ್ಲಿ ಇಂದಿಗೂ ಇವೆ, ಮನೆಮಾತು ಕನ್ನಡವಾಗಿಯೇ ಉಳಿದಿದೆ. ಕೆಳದಿಯ ಆಳ್ವಿಕೆಗೆ ಇವರಿಗಿಂತ ಜೀವಂತ ದಾಖಲೆ ಈ ಜಿಲ್ಲೆಯಲ್ಲಿಲ್ಲ ಎಂದೇ ನಮ್ಮ ಎಣಿಕೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾದ ಮೇಲೆ ಕೋಟೆಗಳು ನಮಗೆ ಸಾಕ್ಷಿಯಾದವು. ಇದು ಕನ್ನಡದ ನೆಲ, ನೋಡಿ ಶಿವಪ್ಪನಾಯಕನ ಕೋಟೆ ಎಂದು ವೇದಿಕೆ ವೇದಿಕೆಯಲ್ಲೂ ಹೇಳಿದೆವು. ಹೇಳಲೇಬೇಕಿತ್ತು, ಆ ನೋವು ಸುಳ್ಳಲ್ಲ, ಇನ್ನೂ ಮಾಸಿಲ್ಲ. ಆದರೆ ಸಾಕ್ಷಿ ಹೇಳಿಸುವ ಅವಸರದಲ್ಲಿ ಚರಿತ್ರೆಯ ಅರ್ಧ ಭಾಗವನ್ನು ಕೇಳದೆ ಬಿಟ್ಟೆವು. ಲಿಂಗಣ್ಣನಿಗೆ ವಿಜಯವಾದದ್ದು ನೀಲೇಶ್ವರದ ಅರಮನೆಗೆ ದಾಳಿ. 1730ರ ದಶಕದಲ್ಲಿ ಎರಡನೆಯ ಸೋಮಶೇಖರನಾಯಕನ ದಂಡು ನೀಲೇಶ್ವರ ದಾಟಿ ಕೋಲತ್ತುನಾಡಿಗೆ ನುಗ್ಗಿದಾಗ ಅದರ ಸುದ್ದಿ ತಲಶ್ಶೇರಿಯ ಇಂಗ್ಲಿಷ್ ಕೋಠಿಯ ಕಾಗದಗಳಿಗೂ ಏರಿತು. ಹೊಸದುರ್ಗದ ಕೋಟೆಗೂ ಇದೇ ಸೋಮಶೇಖರನ ಹೆಸರು ಅಂಟಿಕೊಂಡಿದೆ. ಕುಂಬಳೆಯ ಅರಸರು, ನೀಲೇಶ್ವರದ ತಂಬುರಾನರು ಈ ದಂಡುಗಳನ್ನು ಹೇಗೆ ಕಂಡರು ಎಂಬುದನ್ನು ಕನ್ನಡದಲ್ಲಿ ಬರೆಯುವುದರಿಂದ ನಮ್ಮ ಹಕ್ಕು ಒಂದಂಗುಲವೂ ಕುಗ್ಗುವುದಿಲ್ಲ. ಇಲ್ಲಿನ ಕನ್ನಡದ ಬೇರು ಕೆಳದಿಗಿಂತ ಹಳೆಯದು, ಅದಕ್ಕೆ ಕೋಟೆಯ ಆಸರೆ ಬೇಕಿಲ್ಲ.

ಮಂಜೇಶ್ವರದ ಗೋವಿಂದ ಪೈಗಳು ಕಾಲನಿರ್ಣಯದ ಒಂದೊಂದು ತೊಡಕಿಗೂ ಹಲವು ಭಾಷೆಗಳ ಆಕರ ತಿರುವಿ ಹಾಕಿದವರು. 1963ರಲ್ಲಿ ಅವರು ತೀರಿಕೊಂಡ ಮೇಲೆ ಆ ಬಗೆಯ ದುಡಿಮೆ ಈ ಗಡಿಯಲ್ಲಿ ತೆಳ್ಳಗಾಯಿತು. ಬೇಕಲವಾದರೋ ಪ್ರವಾಸಿಗಳ ಬೇಕಲವಾಗಿದೆ. 1995ರ ‘ಬಾಂಬೆ’ ಚಿತ್ರದ ಹಾಡಿನಿಂದ ಅದನ್ನು ಗುರುತಿಸುವವರೇ ಹೆಚ್ಚು.

ಈಗ ಆಗಬೇಕಾದದ್ದು ಕಲಿತ ಹುಡುಗ ಹುಡುಗಿಯರ ಕೆಲಸ. ಕನ್ನಡವನ್ನೂ ಮಲಯಾಳವನ್ನೂ ಸರಾಗವಾಗಿ ಓದಬಲ್ಲ ಮಕ್ಕಳು ಕಾಸರಗೋಡಿನಲ್ಲಿ ಸಿಗುವಷ್ಟು ಸುಲಭವಾಗಿ ಬೇರೆಲ್ಲಿ ಸಿಗುತ್ತಾರೆ? ಅವರಿಗೆ ಹಳೆಯ ಮೋಡಿ ಅಕ್ಷರವನ್ನೂ ಕಲಿಸಿ, ಲಿಂಗಣ್ಣನ ಪುಸ್ತಕವನ್ನೂ ತಲಶ್ಶೇರಿಯ ಕಾಗದಗಳನ್ನೂ ಜೊತೆಜೊತೆಗೆ ಓದಿಸಬೇಕು. ದೇವಸ್ಥಾನಗಳ ಲೆಕ್ಕದ ಕಡತ, ಮನೆಗಳ ಅಟ್ಟದ ಮೇಲಿನ ಆಧಾರಪತ್ರಗಳನ್ನು ಗೆದ್ದಲು ಹಿಡಿಯುವ ಮುಂಚೆ ಪ್ರತಿ ಮಾಡಿಸಬೇಕು. ಹೊಸದುರ್ಗದ ರಾಮಕ್ಷತ್ರಿಯ ಮನೆಗಳಿಂದ ಶುರು ಮಾಡಿದರೆ ಒಳ್ಳೆಯದು. ಹಿರಿಯರ ಬಾಯಲ್ಲಿರುವುದನ್ನು ಬರೆದುಕೊಳ್ಳಲು ಈ ಬೇಸಿಗೆ ರಜೆಯೇ ಸಾಕು.