ರಿಸೀವರಿಗೆ ಬೇರೆ ಆಂಪ್ಲಿಫೈಯರು ಬೇಕೆ?

ಚಿಮ್ಮನಚೋಡದ ಗೃಹಸ್ಥರೊಬ್ಬರು ನಮಗೆ ಬರೆದಿರುವರು: ಮನೆಯ ಹೋಮ್ ಥಿಯೇಟರಿನಲ್ಲಿ ಚಿತ್ರದ ಮಾತುಗಳು ವೃದ್ಧ ತಂದೆಯವರಿಗೆ ತಿಳಿಯುತ್ತಿಲ್ಲ, ಈ ಸಲದ ತೊಗರಿಯ ಹಣದಲ್ಲಿ ರಿಸೀವರಿಗೆ ಪ್ರತ್ಯೇಕ ಪವರ್ ಆಂಪ್ಲಿಫೈಯರನ್ನು ಕೊಳ್ಳಬಹುದೇ?

ಕೊಳ್ಳುವ ಮೊದಲು ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕೆಂದು ನಮ್ಮ ಬಿನ್ನಹ. ವಾಟುಗಳು ಇಮ್ಮಡಿಯಾದರೆ ಧ್ವನಿಯು 3 ಡೆಸಿಬೆಲ್ ಮಾತ್ರ ಏರುವುದು. ಕಿವಿಗೆ ಇಮ್ಮಡಿಯೆನಿಸಲು ಸುಮಾರು ಹತ್ತುಪಟ್ಟು ವಾಟು ಬೇಕು. 88 ಡೆಸಿಬೆಲ್ ಸಂವೇದನೆಯ ಸ್ಪೀಕರು 1 ವಾಟಿನಿಂದಲೇ 1 ಮೀಟರು ದೂರದಲ್ಲಿ ಸಾಧಾರಣ ಮಾತುಕತೆಗಿಂತ ಬಹಳ ಜೋರಾಗಿ ನುಡಿಯುವುದು. ಆದಕಾರಣ ಮನೆಯ ಕೋಣೆಯಲ್ಲಿ ಮಾತು ತಿಳಿಯದಿರಲು ವಾಟುಗಳ ಕೊರತೆಯು ಕಾರಣವಾಗುವುದು ವಿರಳ.

ಆ ಸೀಮೆಯ ಮನೆಗಳಲ್ಲಿ ಶಹಾಬಾದ ಕಲ್ಲಿನ ನೆಲವು ಸಾಮಾನ್ಯ. ಬರಿಯ ಕಲ್ಲು ಧ್ವನಿಯನ್ನು ಹೀರದೆ ಹಿಂದಿರುಗಿಸುವುದರಿಂದ ಒಂದು ಮಾತಿನ ಮಾರ್ದನಿಯು ಮುಂದಿನ ಮಾತನ್ನು ಮುಸುಕುವುದು. ಮೊದಲು ಜಮಖಾನೆಯನ್ನು ಹಾಸಿ, ಗೋಡೆಗೆ ದಪ್ಪನೆಯ ಪರದೆಯನ್ನು ಕಟ್ಟಿ, ಮಾತು ಹೊರಡುವ ನಡುವಿನ ಸ್ಪೀಕರಿನ ಮಟ್ಟವನ್ನು ಮಾತ್ರ 2–3 ಡೆಸಿಬೆಲ್ ಏರಿಸಿ ನೋಡಬೇಕು.

ಜೋರಾಗಿಸಿದಾಗ ಧ್ವನಿಯು ಒಡೆದರೆ, ಅಥವಾ ಸ್ಪೀಕರುಗಳು 4 ಓಮಿನವಾಗಿದ್ದು ರಿಸೀವರು ಕಾದು ನಿಂತುಹೋಗುತ್ತಿದ್ದರೆ, ಆಂಪ್ಲಿಫೈಯರನ್ನು ಕೊಳ್ಳುವುದು ಯುಕ್ತವೇ. ಆಗಲೂ ರಿಸೀವರಿನ ಹಿಂಬದಿಯಲ್ಲಿ ‘ಪ್ರೀ-ಔಟ್’ ಎಂಬ ಜೋಡಣೆಗಳಿರುವುವೇ ಎಂದು ಮುಂಚಿತವಾಗಿ ನೋಡತಕ್ಕದ್ದು.

ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಕ್ಷೀಣಿಸುವುದು ಸೂಕ್ಷ್ಮ ತಾರಧ್ವನಿಗಳನ್ನು ಗ್ರಹಿಸುವ ಶಕ್ತಿ. ಸದ್ದು ಹೆಚ್ಚಿದರೂ ಅಕ್ಷರಗಳು ಬೇರ್ಪಡವು. ಇಷ್ಟೆಲ್ಲ ಮಾಡಿದ ಮೇಲೂ ತಂದೆಯವರಿಗೆ ಮಾತು ತಿಳಿಯದಿದ್ದರೆ ಅವರನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತೊಗರಿಯ ಹಣವು ಅದಕ್ಕಿರಲಿ.