ಹೋಗಿ ಕುಂದರಾಕ ಅಂಗಡಿ ಎಲ್ಲೈತಿ?

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಕೆಲಸ, ಊರು, ಮನೆ ಅಂತ ನೆಪ ಹೇಳೋಕೇನು ಬರ ಇಲ್ಲ. ಆದರೆ ನಿಜವಾದ ಕಾರಣ ಬೇರೆ. ಒಂದು ವಿಷಯ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬರೆಯದೆ ಬೇರೆ ಏನೂ ಬರೆಯೋಕೆ ಆಗ್ತಿರಲಿಲ್ಲ. ಇವತ್ತು ಬರೆದೇ ಬಿಡ್ತೀನಿ.

ನಮ್ಮೂರು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ನಾನಿರೋದು ಕೊಪ್ಪಳದಲ್ಲಿ. ಊರಲ್ಲಿ ಒಂದು ಭಜನಾ ಮಂಡಳಿ ಇದೆ. ಶನಿವಾರ ರಾತ್ರಿ ಹನುಮಪ್ಪನ ಗುಡಿಯಲ್ಲಿ ಹಾರ್ಮೋನಿಯಂ, ತಬಲಾ, ತಾಳ ಹಿಡಿದು ಕೂತರೆ ತತ್ವಪದ, ವಚನ, ದಾಸರ ಪದ ಅಂತ ಏಳೋ ಹೊತ್ತಿಗೆ ಹನ್ನೆರಡು ದಾಟಿರುತ್ತೆ. ಅವರ ಹಳೇ ಆಂಪ್ಲಿಫೈಯರು ಹಾಡಿಗಿಂತ ಜಾಸ್ತಿ ತಾನೇ ಗೊಂಯ್‌ಗುಡುತ್ತಿತ್ತು. ಶ್ರಾವಣದೊಳಗೆ ಒಂದು ಒಳ್ಳೆ ಸ್ಪೀಕರ್ ಸೆಟ್ ತರಬೇಕು ಅಂತ ಊರಲ್ಲಿ ಪಟ್ಟಿ ಎತ್ತಿದರು. ಹತ್ತು ರೂಪಾಯಿ ಕೊಟ್ಟವರಿದ್ದಾರೆ, ಸಾವಿರ ಕೊಟ್ಟವರಿದ್ದಾರೆ. ರೊಟ್ಟಿ ಮಾಡಿ ಮಾರುವ ಒಬ್ಬ ಅಜ್ಜಿ ಐವತ್ತು ರೂಪಾಯಿ ಕೊಟ್ಟಿದ್ದಳು. ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಆಯ್ತು.

ಗಂಗಾವತಿಯಲ್ಲಿ ವಿಚಾರಿಸಿದರೆ ಮೂವತ್ತರ ಮೇಲೆ ಹೇಳಿದರು. ಕುಷ್ಟಗಿಯಲ್ಲೂ ಅಷ್ಟೇ. ಆಗ ನಾನು ಶಾಣ್ಯಾ ಆಗಿ ಮೊಬೈಲು ತೆಗೆದೆ. ಆನ್‌ಲೈನ್‌ನಲ್ಲಿ ಮಾತ್ರ ಮಾರುವ ಒಂದು ಸ್ಪೀಕರ್ ಕಂಪನಿ. ಹೆಸರು ಬೇಡ ಬಿಡಿ. "ಕಾಕಾ, ಇವರು ನೇರ ಗಿರಾಕಿಗೆ ಮಾರ್ತಾರ. ನಡುವ ಅಂಗಡಿಯವರ ಲಾಭ ಇಲ್ಲ, ಅದಕ್ಕ ಸೋವಿ" ಅಂತ ಮಂಡಳಿಯ ಹಿರಿಯರಿಗೆ ವಿವರಿಸಿದೆ. ಪೂರ್ತಿ ಹಣ ಮೊದಲೇ ಕಟ್ಟಿದರೆ ಇನ್ನಷ್ಟು ರಿಯಾಯಿತಿ ಬೇರೆ ಇತ್ತು. ನನ್ನ ಡೆಬಿಟ್ ಕಾರ್ಡಿನಿಂದಲೇ ಕಟ್ಟಿದೆ.

ಮೊದಲು "ಸಾಗಣೆ ತಡ" ಅಂದರು. ಆಮೇಲೆ "ಸ್ಟಾಕ್ ಬರ್ತಾ ಇದೆ" ಅಂದರು. ಆಮೇಲೆ ಫೋನು ಎತ್ತೋದು ಬಿಟ್ಟರು. ಒಂದು ದಿನ ಆ ಪುಟ ತೆರೆಯುವುದೇ ನಿಂತುಹೋಯಿತು. ಅಷ್ಟರಲ್ಲಿ ಶ್ರಾವಣ ಬಂತು, ಶ್ರಾವಣ ಹೋಯಿತು.

ಕಾಕಾ ಬಸ್ ಹತ್ತಿ ಕೊಪ್ಪಳಕ್ಕೇ ಬಂದರು. ಬೈತಾರೆ ಅಂದುಕೊಂಡೆ. ಬೈಲಿಲ್ಲ. ಚಹಾ ಕುಡಿದು ಕಪ್ಪು ಕೆಳಗಿಟ್ಟು ಕೇಳಿದರು: "ತಮ್ಮಾ, ಅವರ ಅಂಗಡಿ ಎಲ್ಲೈತಿ ಅಷ್ಟು ಹೇಳು. ನಾವೊಂದು ಹತ್ತು ಮಂದಿ ಹೋಗಿ ಕುಂದರ್ತೀವಿ. ಹೆಂಗ ಕೊಡಂಗಿಲ್ಲ ನೋಡೂಣು."

ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಂಗಳೂರು, ಮೈಸೂರಿನ ಗೆಳೆಯರಿಗೆ ಈ "ಹೋಗಿ ಕುಂದ್ರೋದು" ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಅದು ಜಗಳ ಅಲ್ಲ, ಧಮಕಿಯೂ ಅಲ್ಲ. ಭತ್ತ ಮಾರಿದ ರೈತನಿಗೆ ದುಡ್ಡು ತಡವಾದರೆ ಅವನು ಖರೀದಿದಾರನ ಅಂಗಡಿಗೆ ಹೋಗಿ ಸುಮ್ಮನೆ ಕೂರುತ್ತಾನೆ. ಬೇರೆ ಗಿರಾಕಿಗಳು ಬಂದು ಹೋಗುತ್ತಿರುತ್ತಾರೆ. ಎಲ್ಲರೂ ಒಮ್ಮೆ ಇವನ ಮುಖ ನೋಡ್ತಾರೆ, ಒಮ್ಮೆ ಸಾಹುಕಾರನ ಮುಖ ನೋಡ್ತಾರೆ. ಮಧ್ಯಾಹ್ನದೊಳಗೆ ಸ್ವಲ್ಪ ದುಡ್ಡು ಬರುತ್ತೆ, ಉಳಿದದ್ದಕ್ಕೆ ಒಂದು ಚೀಟಿ ಬರುತ್ತೆ. ಕೆಲಸ ಮಾಡೋದು ಕಾನೂನಲ್ಲ, ಮರ್ಯಾದೆ. ನಾಳೆಯೂ ಅದೇ ಓಣಿಯಲ್ಲಿ ಓಡಾಡಬೇಕಲ್ಲ!

ಆನ್‌ಲೈನ್ ಕಂಪನಿಗೆ ಓಣಿಯೇ ಇಲ್ಲ. ನನ್ನ ಮಾತಿನ ತಿರುಳು ಇಷ್ಟೇ.

ಕಂಪನಿ ಮುಳುಗೋದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ವ್ಯಾಪಾರ ಅಂದಮೇಲೆ ಏಳುಬೀಳು ಇದ್ದದ್ದೇ. ನಮ್ಮ ಬೆಂಗಳೂರಿನದೇ ಕಥೆ ನೋಡಿ. 1999ರಲ್ಲಿ ಫ್ಯಾಬ್‌ಮಾರ್ಟ್ ಅಂತ ಶುರುವಾಯ್ತು. ಇಂಟರ್ನೆಟ್ಟಿನಲ್ಲಿ ವ್ಯಾಪಾರ ಅಂದರೆ ಜನ ನಗುತ್ತಿದ್ದ ಕಾಲ. ಮೊದಲು ಮಾರಿದ್ದು ಹಾಡಿನ ಕ್ಯಾಸೆಟ್ಟು, ಸೀಡಿಗಳನ್ನು. ಅದೇ ಮುಂದೆ ಇಂಡಿಯಾಪ್ಲಾಜಾ ಆಯ್ತು. ಆಮೇಲೆ ಬಂದವರು ರಿಯಾಯಿತಿಯ ಮೇಲೆ ರಿಯಾಯಿತಿ ಕೊಟ್ಟರು. ಅವರಿಗೆ ಬಂಡವಾಳ ಹರಿದು ಬಂತು, ಇವರಿಗೆ ಬರಲಿಲ್ಲ. 2013ರಲ್ಲಿ ಇಂಡಿಯಾಪ್ಲಾಜಾ ನಿಂತುಹೋಯಿತು. ಸರಕು ಕೊಟ್ಟವರ ಬಾಕಿ ಉಳಿಯಿತು. ಅದನ್ನು ನಡೆಸುತ್ತಿದ್ದ ಕೆ. ವೈದೀಶ್ವರನ್ ಆ ಸೋಲನ್ನು 2017ರಲ್ಲಿ 'ಫೇಲಿಂಗ್ ಟು ಸಕ್ಸೀಡ್' ಅಂತ ಪುಸ್ತಕವಾಗಿಯೇ ಬರೆದರು. ಸೋತವನು ಹೆಸರು ಮರೆಸಿಕೊಳ್ಳದೆ ಸೋಲಿನ ಬಗ್ಗೆ ಬರೆಯೋದು ನಮ್ಮಲ್ಲಿ ಅಪರೂಪ. ಫ್ಯಾಬ್‌ಮಾರ್ಟ್ ಶುರುಮಾಡಿದವರಲ್ಲೇ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದ್ದರು. ಹಾಗಾಗಿ ಸೋಲು ಅಪರಾಧ ಅಲ್ಲ.

ಅದೇ ಊರು, ಅದೇ ವರ್ಷ, ಇನ್ನೊಂದು ಬಾಗಿಲು ಹಾಕಿದ ಕಥೆ ಇದೆ. ಫ್ಲಿಪ್‌ಕಾರ್ಟ್‌ನವರು 2012ರಲ್ಲಿ ಫ್ಲೈಟ್ ಅಂತ ಹಾಡು ಮಾರುವ ಅಂಗಡಿ ತೆರೆದಿದ್ದರು. ದುಡ್ಡು ಕೊಟ್ಟು ಎಂಪಿ3 ಕೊಳ್ಳೋದು. ನಡೆಯಲಿಲ್ಲ. 2013ರ ಜೂನ್‌ನಲ್ಲಿ ಮುಚ್ಚಿದರು. ಆದರೆ ಮುಚ್ಚುತ್ತೇವೆ ಅಂತ ಮೊದಲೇ ಹೇಳಿದರು. ಕೊಂಡ ಹಾಡುಗಳನ್ನು ಇಳಿಸಿಕೊಳ್ಳೋಕೆ ಆಗಸ್ಟ್‌ವರೆಗೆ ಸಮಯ ಕೊಟ್ಟರು. ಖಾತೆಯಲ್ಲಿ ಉಳಿದಿದ್ದ ಹಣಕ್ಕೆ ತಮ್ಮದೇ ಅಂಗಡಿಯ ವೋಚರ್ ಕೊಟ್ಟರು. ಹಿಂದೆ ದೊಡ್ಡ ಕಂಪನಿ ಇತ್ತು, ಆದ್ದರಿಂದ ಸಾಧ್ಯವಾಯಿತು ಅನ್ನಬಹುದು. ಒಪ್ಪುತ್ತೇನೆ. ಆದರೂ ಬಾಗಿಲು ಹಾಕೋದಕ್ಕೂ ಒಂದು ರೀತಿ ಇದೆ ಅನ್ನೋದಕ್ಕೆ ಅದು ಸಾಕ್ಷಿ.

ಇನ್ನು ನೇರ ಸ್ಪೀಕರಿನದೇ ಉದಾಹರಣೆ ಬೇಕಂದರೆ ಅಮೆರಿಕಕ್ಕೆ ಹೋಗಬೇಕು. ಕೊಲರಾಡೋದಲ್ಲಿ ಏವಿ123 ಅಂತ ಒಂದು ಕಂಪನಿ ಇತ್ತು. ಅಂಗಡಿಗಳ ಗೊಡವೆ ಇಲ್ಲದೆ ಇಂಟರ್ನೆಟ್ಟಿನಲ್ಲಿ ನೇರವಾಗಿ ಸ್ಪೀಕರ್ ಮಾರುತ್ತಿತ್ತು. ಒಳ್ಳೆ ಸ್ಪೀಕರು, ಕಡಿಮೆ ಬೆಲೆ ಅಂತ ಸಂಗೀತದ ಹುಚ್ಚಿದ್ದವರೆಲ್ಲ ಮುಗಿಬಿದ್ದಿದ್ದರು. ಇನ್ನೂ ತಯಾರಾಗದ ಸ್ಪೀಕರಿಗೂ ಮುಂಗಡ ಕಟ್ಟಿದ್ದರು. 2010ರ ಆಸುಪಾಸಿನಲ್ಲಿ ಅದು ಕುಸಿಯಿತು. ಮುಂಗಡ ಕಟ್ಟಿದ ಎಷ್ಟೋ ಜನಕ್ಕೆ ಪೆಟ್ಟಿಗೆಯೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಅಂದರೆ ಕೊಲರಾಡೋದ ಸಾಹೇಬನಿಗೂ ಯಲಬುರ್ಗಾದ ಕಾಕಾನಿಗೂ ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ :-)

ಯಾಕೆ ಹೀಗಾಗುತ್ತೆ? ನನಗೆ ಅರ್ಥವಾದಷ್ಟು ಹೇಳ್ತೀನಿ. ಲಾಭ ತೀರಾ ಕಡಿಮೆ ಇಟ್ಟು ಮಾರುವವನ ಕೈಯಲ್ಲಿ ಉಳಿತಾಯ ಇರಲ್ಲ. ಹಣ ಇರೋದು ಗಿರಾಕಿಯ ಮುಂಗಡದಲ್ಲಿ. ಹೋದ ತಿಂಗಳು ದುಡ್ಡು ಕಟ್ಟಿದವನಿಗೆ ಸ್ಪೀಕರ್ ಕಳಿಸಬೇಕಾದರೆ ಈ ತಿಂಗಳು ಇನ್ನೊಬ್ಬ ಕಟ್ಟಬೇಕು. ಮಾರಾಟ ಏರುತ್ತಿರುವ ತನಕ ಚಕ್ರ ತಿರುಗುತ್ತೆ. ಒಂದು ಸರಕು ಬಂದರಿನಲ್ಲಿ ನಿಂತರೆ, ಒಂದು ತಂಡದ ಪೆಟ್ಟಿಗೆಗಳಲ್ಲಿ ದೋಷ ಬಂದರೆ ಚಕ್ರ ನಿಲ್ಲುತ್ತೆ. ಆಗ ಅವನು ಏನು ಮಾಡ್ತಾನೆ? ಇನ್ನೂ ದೊಡ್ಡ ರಿಯಾಯಿತಿ ಹಾಕ್ತಾನೆ, ಪೂರ್ತಿ ಹಣ ಮೊದಲೇ ಕೇಳ್ತಾನೆ. ನನಗೆ ಸಿಕ್ಕಿದ್ದು ಆ ರಿಯಾಯಿತಿಯೇ ಇರಬೇಕು.

ಓಣಿಯ ಅಂಗಡಿ ಮುಳುಗುವಾಗ ಊರಿಗೆಲ್ಲ ಗೊತ್ತಾಗುತ್ತೆ. ಕಪಾಟು ಖಾಲಿಯಾಗ್ತಾ ಬರುತ್ತೆ. ಮಾಲಕ ಗಲ್ಲೆಯ ಮೇಲೆ ಕಾಣೋದಿಲ್ಲ, ಮಗ ಕೂತಿರ್ತಾನೆ. ಆಮೇಲೆ ಶಟರು ಅರ್ಧಕ್ಕೆ ಇಳಿಯುತ್ತೆ. ಆನ್‌ಲೈನ್ ಅಂಗಡಿಯ ಕಪಾಟು ಕೊನೇ ದಿನದವರೆಗೂ ತುಂಬಿರುತ್ತೆ. ಮುಳುಗುವ ದಿನ ಹತ್ತಿರ ಬಂದಷ್ಟೂ ಬೋರ್ಡು ಹೊಳೆಯುತ್ತೆ!

ನಮ್ಮ ಕಡೆ ಮುಂಗಡಕ್ಕೆ ಸಂಚಕಾರ ಅಂತಾರೆ. ಎತ್ತು ಕೊಳ್ಳಲಿ, ಹೊಲ ಕೊಳ್ಳಲಿ, ಮೊದಲು ಸಂಚಕಾರ. ಅದೇ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆ, "ಜೀವಕ್ಕೆ ಸಂಚಕಾರ" ಅಂತೀವಲ್ಲ, ಹಾಗೆ. ಎರಡಕ್ಕೂ ಒಂದೇ ಪದ ಯಾಕಾಯ್ತು ಅಂತ ಭಾಷೆ ಬಲ್ಲವರು ಹೇಳಬೇಕು. ನನಗಂತೂ ಅನುಭವಕ್ಕೆ ಬಂತು. ಆದರೆ ಎತ್ತಿನ ಸಂತೆಯಲ್ಲಿ ಸಂಚಕಾರ ಅಂದರೆ ಬೆಲೆಯ ಒಂದು ಚೂರು. ಅದೂ ನಾಲ್ಕು ಜನರ ಎದುರು, ಎತ್ತು ಕಣ್ಣ ಮುಂದೆಯೇ ಕಟ್ಟಿರುವಾಗ ಕೊಡೋದು. ನಾವು ಕೊಟ್ಟಿದ್ದು ಪೂರ್ತಿ ಬೆಲೆ. ಸಾಕ್ಷಿಗೆ ಒಂದು ಆರ್ಡರ್ ನಂಬರು.

ಕಾನೂನು ಇಲ್ಲವಾ ಅಂದರೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲಿದ್ದರೂ ನಾನು ಕೊಪ್ಪಳದಲ್ಲೇ ಅರ್ಜಿ ಹಾಕಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟಗಾರರು ತಮ್ಮ ಕಾನೂನುಬದ್ಧ ಹೆಸರು, ಕಚೇರಿ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಎಲ್ಲ ಪುಟದಲ್ಲಿ ಹಾಕಬೇಕು. ದೂರು ಬಂದ 48 ಗಂಟೆಯಲ್ಲಿ ಮುಟ್ಟಿದೆ ಅಂತ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಎಲ್ಲ ಸರಿ. ಆದರೆ ಇದೆಲ್ಲ ಬದುಕಿರುವ ಕಂಪನಿಗೆ. ನಾನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ ನೋಟಿಸು "ಬಿಟ್ಟು ಹೋಗಿದ್ದಾರೆ" ಅಂತ ಷರಾ ಹೊತ್ತು ವಾಪಸ್ ಬಂತು.

ಕಂಪನಿ ಅಧಿಕೃತವಾಗಿ ದಿವಾಳಿ ಪ್ರಕ್ರಿಯೆಗೆ ಹೋದರಂತೂ ಇನ್ನೂ ಕಷ್ಟ. 2016ರ ದಿವಾಳಿ ಕಾಯ್ದೆಯಲ್ಲಿ ಆ ಹೊತ್ತಿಗೆ ಕಂಪನಿಯ ಮೇಲಿನ ದಾವೆಗಳಿಗೆ ತಡೆ ಬೀಳುತ್ತೆ. ಕೊನೆಗೆ ಆಸ್ತಿ ಮಾರಿ ಹಂಚುವಾಗ ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರು ಮತ್ತು ಅಡವು ಇಟ್ಟುಕೊಂಡ ಬ್ಯಾಂಕುಗಳು, ಆಮೇಲೆ ಉಳಿದ ನೌಕರರು, ಅಡವಿಲ್ಲದೆ ಸಾಲ ಕೊಟ್ಟವರು, ಸರ್ಕಾರದ ಬಾಕಿ. ಮುಂಗಡ ಕಟ್ಟಿದ ಗಿರಾಕಿಯ ಸರದಿ ಇವರೆಲ್ಲ ಆದಮೇಲೆ. ಜಾತ್ರೆಯ ದಾಸೋಹದಲ್ಲಿ ಕೊನೇ ಪಂಕ್ತಿಗೂ ಊಟ ಇರುತ್ತೆ, ಇಲ್ಲಿ ಎಲೆ ಎತ್ತಿ ಆಗಿರುತ್ತೆ.

ಹಾಗಾದರೆ ಏನು ಮಾಡಬೇಕು? ಆನ್‌ಲೈನ್ ಬಿಡಿ, ಊರಂಗಡಿಯಲ್ಲೇ ಕೊಳ್ಳಿ ಅಂತ ಭಾಷಣ ಬಿಗಿಯಲ್ಲ. ಊರಂಗಡಿಯಲ್ಲಿ ಡೂಪ್ಲಿಕೇಟ್ ಮಾಲು ತಂದು ಮೋಸ ಹೋದವರೂ ಇದ್ದಾರೆ. ಮೊದಲು ಒಳ್ಳೆ ಸಾಮಾನು ಬೇಕಂದರೆ ಹುಬ್ಬಳ್ಳಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಹೋಗಬೇಕಿತ್ತು. ಈಗ ಬೆಂಗಳೂರಿನವನಿಗೂ ಕುಷ್ಟಗಿಯವನಿಗೂ ಒಂದೇ ಬೆಲೆ ಕಾಣುತ್ತೆ. ಅದು ಸಣ್ಣ ವಿಷಯ ಅಲ್ಲ. ಅದನ್ನು ಕಳಕೊಳ್ಳೋದು ಬೇಡ.

ನಾನು ಕೇಳೋದು ಇಷ್ಟು. ಗಿರಾಕಿಯ ಮುಂಗಡ, ಮಾಲು ಅವನ ಮನೆ ಬಾಗಿಲಿಗೆ ಬರುವ ತನಕ ಕಂಪನಿಯ ದುಡ್ಡಲ್ಲ. ಅದನ್ನು ಬೇರೆ ಖಾತೆಯಲ್ಲಿಡಬೇಕು. ಇದೇನು ನನ್ನ ಹೊಸ ಶೋಧನೆ ಅಲ್ಲ. 2016ರ ರೇರಾ ಕಾಯ್ದೆ ಪ್ರಕಾರ ಮನೆ ಕೊಳ್ಳುವವರು ಕಟ್ಟಿದ ಹಣದಲ್ಲಿ 70% ಬೇರೆ ಖಾತೆಯಲ್ಲಿ ಇಡಬೇಕು, ಆ ಮನೆಗಳ ಜಾಗ ಮತ್ತು ಕಟ್ಟಡದ ಖರ್ಚಿಗೇ ಬಳಸಬೇಕು. ಬಿಲ್ಡರುಗಳು ಮೊದಲು ಇವರ ದುಡ್ಡಿನಲ್ಲಿ ಇನ್ನೊಂದು ಜಾಗ ಕೊಳ್ಳುತ್ತಿದ್ದರು, ಅದಕ್ಕೇ ಆ ನಿಯಮ ಬಂತು. ಎಪ್ಪತ್ತು ಲಕ್ಷದ ಫ್ಲ್ಯಾಟಿಗೆ ಇರುವ ನ್ಯಾಯ ಇಪ್ಪತ್ತೆರಡು ಸಾವಿರದ ಸ್ಪೀಕರಿಗೆ ಯಾಕಿಲ್ಲ? ಹಾಗೆ ಮಾಡಿದರೆ ಸಣ್ಣ ಕಂಪನಿಗಳು ಬಂಡವಾಳ ಇಲ್ಲದೆ ಸಾಯುತ್ತವೆ ಅಂತ ವಾದ ಬರುತ್ತೆ. ಇರಬಹುದು. ಆದರೆ ಬಂಡವಾಳ ಬೇಕಾದರೆ ಬಂಡವಾಳ ಅಂತಲೇ ಕೇಳಲಿ. ರೊಟ್ಟಿ ಅಜ್ಜಿಯ ಐವತ್ತು ರೂಪಾಯಿಯನ್ನು ಅವಳಿಗೆ ಗೊತ್ತಿಲ್ಲದೆ ಬಡ್ಡಿಯಿಲ್ಲದ ಸಾಲ ಮಾಡಿಕೊಳ್ಳೋದು ಯಾವ ನ್ಯಾಯ?

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು: ಮಾಲು ಬಂದಮೇಲೆ ದುಡ್ಡು ಅನ್ನೋ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಪುಟದ ಕೆಳಗೆ ವಿಳಾಸ ಇಲ್ಲದಿದ್ದರೆ ಕೊಳ್ಳಬೇಡಿ. ತಡವಾದ ಮೊದಲ ವಾರವೇ ಬ್ಯಾಂಕಿಗೆ ಬರೆದು ಕಾರ್ಡಿನ ಹಣ ವಾಪಸ್ ಕೇಳಿ, 1915ಕ್ಕೆ ಫೋನು ಮಾಡಿ. "ಪಾಪ, ಒಳ್ಳೆ ಕಂಪನಿ, ಕಾಯೋಣ" ಅಂತ ನಾನು ಕಾದೆ. ಬ್ಯಾಂಕಿನ ಗಡುವು ಹೋಯ್ತು.

ನಾನು ಕಾಕಾನಿಗೆ ಇಪ್ಪತ್ತೆರಡು ಸಾವಿರ ಕೊಡೋಕೆ ಹೋದೆ. ಅವರು ಹನ್ನೊಂದು ಮಾತ್ರ ತಗೊಂಡರು. "ನಾವೂ ಹೂಂ ಅಂದೀವಲ್ಲ" ಅಂದರು. ಹಳೇ ಆಂಪ್ಲಿಫೈಯರನ್ನು ಗಂಗಾವತಿಯ ಒಬ್ಬ ಮೈಕ್‌ಸೆಟ್ ರಿಪೇರಿಯವರು ಬಿಚ್ಚಿ ಬೆಸುಗೆ ಹಾಕಿ ಕೊಟ್ಟಿದ್ದಾರೆ. ಗೊಂಯ್‌ಗುಡೋದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಪಟ್ಟಿಯ ವಹಿ ಈಗಲೂ ಗುಡಿಯಲ್ಲೇ ಇದೆ. ಮೊನ್ನೆ ತೆರೆದು ನೋಡಿದೆ. ಕಂಪನಿಯ ಲೆಕ್ಕದಲ್ಲಿ ನಾವು ಒಂದು ಆರ್ಡರ್ ನಂಬರು. ನಮ್ಮ ವಹಿಯಲ್ಲಿ ತೊಂಬತ್ತನಾಲ್ಕು ಹೆಸರು ಇವೆ. ಜಿಲ್ಲಾ ಆಯೋಗಕ್ಕೆ ಹಾಕೋ ಅರ್ಜಿಗೆ ಕಾಗದ ಜೋಡಿಸುತ್ತಿದ್ದೇನೆ, ಎರಡು ವರ್ಷ ಇನ್ನೂ ಮುಗಿದಿಲ್ಲ. ಆ ವಹಿಯ ಜೆರಾಕ್ಸನ್ನೂ ಅದಕ್ಕೆ ಲಗತ್ತಿಸ್ತೀನಿ. ಕಾನೂನಿಗೆ ಅದು ಬೇಕೋ ಬೇಡವೋ, ಇರಲಿ.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ದುಡ್ಡು ವಾಪಸ್ ಬಂದವರಿದ್ದರೆ ಹೇಗೆ ಬಂತು ಅಂತ ದಯವಿಟ್ಟು ಬರೆಯಿರಿ. ಕಾಕಾನಿಗೆ ಓದಿ ಹೇಳಬೇಕು.