ಶಾಲೆಯ ಅಂಗಳಕ್ಕೊಂದು ಗಸಗಸೆ ಮರ

ಮಕ್ಕಳೇ,

ವನಮಹೋತ್ಸವ ಬಂತೆಂದರೆ ಶಾಲೆಯ ಅಂಗಳದಲ್ಲಿ ಯಾವ ಗಿಡ ನೆಡಬೇಕೆಂಬ ಚರ್ಚೆ ಶುರುವಾಗುತ್ತದೆ. ಒಬ್ಬರಿಗೆ ಹೂ ಬೇಕು, ಇನ್ನೊಬ್ಬರಿಗೆ ನೆರಳು, ಮತ್ತೊಬ್ಬರಿಗೆ ಬಣ್ಣದ ಹಣ್ಣು. ನನ್ನನ್ನು ಕೇಳಿದರೆ ಗಸಗಸೆ ಮರ ನೆಡಿ ಎನ್ನುತ್ತೇನೆ.

ಪಾಯಸದ ಗಸಗಸೆಗೂ ಈ ಮರಕ್ಕೂ ನೆಂಟಸ್ತಿಕೆಯಿಲ್ಲ. ಇದರ ಕೆಂಪು ಹಣ್ಣನ್ನು ಹಿಚುಕಿದರೆ ಗಸಗಸೆಯಂಥ ಸಾವಿರಾರು ಬೀಜಗಳು ಕಾಣುತ್ತವೆ. ಅದರಿಂದ ಈ ಹೆಸರು. ವಿಜ್ಞಾನಿಗಳು ಇದನ್ನು ಮುಂಟಿಂಜಿಯಾ ಕಲಬುರ ಎನ್ನುತ್ತಾರೆ. (ನಮ್ಮ ಕಲಬುರಗಿಗೂ ಇದಕ್ಕೂ ಸಂಬಂಧವಿಲ್ಲ!) ಮುಂಟಿಂಗ್ ಎಂಬವರು 17ನೇ ಶತಮಾನದ ಡಚ್ ಸಸ್ಯವಿಜ್ಞಾನಿ.

ಮರದ ಕೆಳಗೆ ನಿಂತು ಒಂದು ಕೊಂಬೆಯನ್ನು ಗಮನಿಸಿ. ಐದು ಎಸಳಿನ ಬಿಳಿ ಹೂ ಎಲೆಗಳ ಮೇಲೆ ತಲೆಯೆತ್ತಿ ನಿಂತಿರುತ್ತದೆ. ಅದರ ಬಾಳು ಒಂದೇ ದಿನ. ಎಸಳು ಉದುರಿದ ಮೇಲೆ ತೊಟ್ಟು ಬಾಗಿ, ಕಾಯಿ ಎಲೆಗಳ ಕೆಳಗೆ ತೂಗಾಡುತ್ತದೆ. ಹೂವಿಗೆ ಜೇನುನೊಣ ಬರುತ್ತದೆ. ಹಣ್ಣಿಗೆ ಪಿಕಳಾರ, ಕೋಗಿಲೆ, ಅಳಿಲು, ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ. ಕತ್ತಲಾದ ಮೇಲೆ ಬಾವಲಿಗಳ ಸರದಿ.

ಅಂದಕ್ಕೆಂದು ಹಲವರು ಡುರಾಂಟ ಗಿಡ ನೆಡುತ್ತಾರೆ. ನೇರಳೆ ಹೂ, ಹೊಂಬಣ್ಣದ ಮಣಿಗಳಂಥ ಹಣ್ಣು, ನೋಡಲು ಚಂದವೇ. ಆದರೆ ಆ ಹಣ್ಣು ನಮಗೆ ವಿಷ. ಹಕ್ಕಿ ತಿನ್ನುತ್ತದೆ, ಆದ್ದರಿಂದ ನಾವೂ ತಿನ್ನಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದನೇ ತರಗತಿಯ ಪುಟಾಣಿಗಳು ಓಡಾಡುವ ಜಾಗದಲ್ಲಿ, ಬಾಯಿಗೆ ಹಾಕಿದರೂ ಭಯವಿಲ್ಲದ ಹಣ್ಣಿನ ಮರವೇ ಇರಬೇಕಲ್ಲವೇ?

ಗಸಗಸೆ ಮರದ ಮೇಲೂ ದೂರುಗಳಿವೆ. ನಾನು ಕಂಡ ಒಂದು ಶಾಲೆಯಲ್ಲಿ ಹಣ್ಣು ಉದುರಿ ಅಂಗಳ ಗಲೀಜಾಗುತ್ತದೆಂದು ಮರವನ್ನೇ ಕಡಿದುಬಿಟ್ಟರು. ಮರುದಿನದಿಂದ ಬಿಸಿಯೂಟಕ್ಕೆ ಮಕ್ಕಳು ಬಿಸಿಲಲ್ಲೇ ಕುಳಿತರು. ಗುಡಿಸಲು ಒಂದು ಪೊರಕೆ ಸಾಕಿತ್ತು! ಬಾವಿ, ನೀರಿನ ತೊಟ್ಟಿಗಳಿಂದ ದೂರ ನೆಟ್ಟಿದ್ದರೆ ಆ ತಕರಾರೂ ಅರ್ಧ ಕಡಿಮೆಯಾಗುತ್ತಿತ್ತು. ಇದು ಅಮೆರಿಕ ಖಂಡದಿಂದ ಬಂದ ಮರ, ನಮ್ಮದಲ್ಲ ಎನ್ನುವವರೂ ಇದ್ದಾರೆ. ನಿಜ. ಮೆಣಸಿನಕಾಯಿ, ಸೀಬೆ, ಪರಂಗಿಗಳೂ ಅಲ್ಲಿಂದಲೇ ಬಂದವು. ಆದರೂ ಕಾಡಿನ ಅಂಚಿನ ಶಾಲೆಯವರು ಇದನ್ನು ನೆಡುವುದು ಬೇಡ. ಹಕ್ಕಿಗಳು ಬೀಜವನ್ನು ಕಾಡಿಗೂ ಒಯ್ಯುತ್ತವೆ. ಅಲ್ಲಿ ನೇರಳೆ ಮರವೇ ಸರಿ.

ಎರಡು ಎಚ್ಚರಿಕೆ ಮಾತ್ರ ಮರೆಯಬೇಡಿ. ಬೇಗ ಬೆಳೆಯುವ ಈ ಮರದ ಕೊಂಬೆ ಮೆದು, ಹತ್ತಿದರೆ ಮುರಿಯುತ್ತದೆ. ಕಚ್ಚಿದ ಗುರುತಿರುವ ಹಣ್ಣನ್ನಾಗಲಿ, ನೆಲಕ್ಕೆ ಬಿದ್ದದ್ದನ್ನಾಗಲಿ ತಿನ್ನಬಾರದು. 2018ರಲ್ಲಿ ಕೇರಳದಲ್ಲಿ ನಿಪಾ ಜ್ವರ ಕಾಣಿಸಿಕೊಂಡಾಗಿನಿಂದ ಬಾವಲಿ ಕಚ್ಚಿದ ಹಣ್ಣಿನ ಬಗ್ಗೆ ವೈದ್ಯರು ಇದನ್ನೇ ಒತ್ತಿ ಹೇಳುತ್ತಿದ್ದಾರೆ. ಕೊಂಬೆಯಿಂದ ಕಿತ್ತ ಇಡೀ ಹಣ್ಣನ್ನು ತೊಳೆದು ತಿನ್ನಿ.

ಸಸಿಗೆ ದುಡ್ಡು ಬೇಕಿಲ್ಲ. ಹಕ್ಕಿ ಹಿಕ್ಕೆಯಿಂದ ಮೊಳೆತ ಸಸಿಗಳು ಗೋಡೆಯ ಬುಡದಲ್ಲಿ, ಚರಂಡಿಯ ಅಂಚಿನಲ್ಲಿ ಸಿಗುತ್ತವೆ. ಮಳೆಗಾಲದ ಆರಂಭದಲ್ಲಿ ಬೇರಿನ ಮಣ್ಣು ಕಳಚದಂತೆ ಎತ್ತಿ ನೆಡಿ, ಆಡು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ. ಸುಮಾರು ಎರಡು ವರ್ಷದಲ್ಲಿ ಹಣ್ಣು ಬಿಡುತ್ತದೆ. ಐದನೇ ತರಗತಿಯಲ್ಲಿ ನೆಟ್ಟವರು ಏಳನೇ ತರಗತಿ ಮುಗಿಸಿ ಶಾಲೆ ಬಿಡುವ ಮೊದಲೇ ತಿನ್ನಬಹುದು.